ಕೆಂಪುಕಲ್ಲಿನ ಗುಹೆ, ಬಾರ್ಕೂರಿನ ಕೇರಿ, ಲಾವಾದ ದ್ವೀಪ: ನೆಂಟರನ್ನು ಒಂದು ದಿನ ಸುತ್ತಿಸುವುದು ಹೀಗೆ

ಜ್ವಾಲಾಮುಖಿ, ಲಾವಾ ಗುಹೆ, ಪ್ರಾಚೀನ ಪಟ್ಟಣದ ಅವಶೇಷ. ಈ ಮೂರನ್ನೂ ಒಂದೇ ದಿನದಲ್ಲಿ ತೋರಿಸುವ ಪ್ರವಾಸಗಳಿಗೆ ಇಟಲಿಯಲ್ಲಿ ಭಾರೀ ಬೇಡಿಕೆ ಉಂಟು. ಅಲ್ಲಿ ಎಟ್ನಾ ಈಗಲೂ ಹೊಗೆಯಾಡುತ್ತದೆ. ವೆಸುವಿಯಸ್ ಬೆಟ್ಟದ ಬುಡದ ಪೊಂಪೇ ಪಟ್ಟಣ ಕ್ರಿ.ಶ. 79ರಲ್ಲಿ ಬೂದಿಯಡಿ ಹೂತುಹೋಗಿತ್ತು, ಅದನ್ನು ಅಗೆದು ತೆಗೆದಿದ್ದಾರೆ. ಅಷ್ಟು ದೂರ ಎಲ್ಲರಿಗೂ ಹೋಗಲು ಆಗುವುದಿಲ್ಲ. ಆದರೆ ಮಂಗಳೂರು, ಉಡುಪಿ ಕಡೆ ಇರುವ ನಮಗೆ ಲಾವಾ ಹರಿದು ಗಟ್ಟಿಯಾದ ದ್ವೀಪ ಉಂಟು (ಮಲ್ಪೆಯ ಸೇಂಟ್ ಮೇರೀಸ್), ನುಗ್ಗಿ ಹೋಗುವ ಗುಹೆ ಉಂಟು (ನೆಲ್ಲಿತೀರ್ಥ), ರಾಜಧಾನಿಯಾಗಿ ಮೆರೆದು ಈಗ ಗದ್ದೆ ತೋಟಗಳ ನಡುವೆ ಉಳಿದಿರುವ ಊರೂ ಉಂಟು (ಬಾರ್ಕೂರು). ಬೆಳಗ್ಗೆ ಬೇಗ ಹೊರಟರೆ ಮೂರನ್ನೂ ನೋಡಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಹೊರಗಿನಿಂದ ಬಂದ ನೆಂಟರನ್ನು ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ದೇವಸ್ಥಾನ, ಬೀಚ್, ಐಸ್‌ಕ್ರೀಮ್ ಪಾರ್ಲರ್ ತೋರಿಸಿ ಕಳಿಸುತ್ತೇವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೂ ನಾಲ್ಕು ಫೋಟೊ ತೆಗೆದು ವಾಪಸ್. ಕಾಲಡಿಯ ಕಲ್ಲು ಏನೆಂದು ಯಾರೂ ಹೇಳುವುದಿಲ್ಲ. ಹೇಳುವವರು ಒಬ್ಬರು ಜೊತೆಗಿದ್ದರೆ ಅದೇ ಜಾಗ ಬೇರೆಯೇ ಕಾಣುತ್ತದೆ. ಆ ಒಬ್ಬರು ನೀವೇ ಆಗಬಹುದು. ಅದಕ್ಕೆ ಬೇಕಾದಷ್ಟು ವಿಷಯವನ್ನು ದಾರಿಯ ಜೊತೆಗೇ ಹೇಳುತ್ತಾ ಹೋಗುತ್ತೇನೆ.

ಮೊದಲು ದಿನ ಗೊತ್ತು ಮಾಡಿ

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಇರುವುದಿಲ್ಲ. ನೆಲ್ಲಿತೀರ್ಥದ ಗುಹೆಯೂ ವರ್ಷವಿಡೀ ತೆರೆದಿರುವುದಿಲ್ಲ, ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಉಳಿದ ತಿಂಗಳು ಅಲ್ಲಿ ದೇವತೆಗಳು, ಋಷಿಗಳು ಪೂಜೆ ಮಾಡುತ್ತಾರೆ ಎಂಬ ನಂಬಿಕೆ. ಮಾರ್ಚ್ ಕಳೆದರೆ ದ್ವೀಪದ ಬಿಸಿಲು ತಡೆಯಲು ಕಷ್ಟ.

ಆದಷ್ಟು ವಾರದ ನಡುವೆ ಹೋಗಿ. ಭಾನುವಾರ ಮಲ್ಪೆಯಲ್ಲಿ ಬೋಟಿನ ಸಾಲಿನಲ್ಲೇ ಅರ್ಧ ಮಧ್ಯಾಹ್ನ ಮುಗಿಯುತ್ತದೆ.

ಇನ್ನೊಂದು, ಕಡಲಿನ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಮೊಬೈಲಿನಲ್ಲೇ ಸಿಗುತ್ತದೆ, ಇಲ್ಲವೇ ಮಲ್ಪೆಯ ಮೀನುಗಾರರನ್ನು ಯಾರನ್ನಾದರೂ ಕೇಳಿದರೆ ಬಾಯಲ್ಲೇ ಹೇಳುತ್ತಾರೆ. ನೀರು ಇಳಿದಾಗ ಕಲ್ಲಿನ ಕಂಬಗಳು ಬುಡದವರೆಗೆ ಕಾಣುತ್ತವೆ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಈ ಏರಿಳಿತ ಜಾಸ್ತಿ. ಮಧ್ಯಾಹ್ನದ ಮೇಲೆ ಇಳಿತ ಇರುವ ದಿನ ಸಿಕ್ಕಿದರೆ ನಾನು ಕೆಳಗೆ ಹೇಳುವ ಕ್ರಮ ಸರಿಯಾಗಿ ಹೊಂದುತ್ತದೆ.

ಗಾಡಿಯಲ್ಲಿ ಇರಬೇಕಾದ್ದು: ಪ್ರತಿಯೊಬ್ಬರಿಗೂ ಒಂದು ಜೊತೆ ಬದಲಿ ಬಟ್ಟೆ, ಟವೆಲ್, ಒಳ್ಳೆಯ ಟಾರ್ಚು, ಹಿಂದೆ ಪಟ್ಟಿ ಇರುವ ಚಪ್ಪಲಿ ಅಥವಾ ಹಿಡಿತ ಇರುವ ಶೂ, ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು. ಹವಾಯಿ ಚಪ್ಪಲಿ ದಯವಿಟ್ಟು ಬೇಡ. ಒದ್ದೆ ಕಲ್ಲಿನ ಮೇಲೆ ಅದನ್ನು ಹಾಕಿಕೊಂಡರೆ ಬೀಳುವುದು ಗ್ಯಾರಂಟಿ.

ಬೆಳಗ್ಗೆ: ನೆಲ್ಲಿತೀರ್ಥ

ಮಂಗಳೂರಿನಿಂದ ಆರೂವರೆಗೆ ಹೊರಡಿ. ಮೂಡುಬಿದಿರೆ ರಸ್ತೆಯಲ್ಲಿ ವಾಮಂಜೂರು, ಗುರುಪುರ, ಕೈಕಂಬ ದಾಟಿ ಎಡಪದವಿನಲ್ಲಿ ತಿರುಗಬೇಕು. ಬನ್ಸೋ ಇಡ್ಲಿಯೋ ಸ್ವಲ್ಪ ತಿಂದುಕೊಳ್ಳಿ. ಹೊಟ್ಟೆ ತುಂಬಿಸಿಕೊಂಡರೆ ಗುಹೆಯಲ್ಲಿ ಬಗ್ಗಿ ತೆವಳುವುದು ಹಿಂಸೆ.

ಇಲ್ಲಿರುವುದು ಸೋಮನಾಥೇಶ್ವರನ ದೇವಸ್ಥಾನ, ಪಕ್ಕದಲ್ಲೇ ಗುಹೆ. ಉದ್ದ ಸುಮಾರು 200 ಮೀಟರ್. ಹಿಂದಿನ ದಿನವೇ ದೇವಸ್ಥಾನಕ್ಕೆ ಫೋನ್ ಮಾಡಿ ಗುಹೆಗೆ ಬಿಡುವ ಸಮಯ, ಉಡುಪು, ನಿಯಮ ಎಲ್ಲ ಕೇಳಿಕೊಳ್ಳಿ. ಇದು ಪೂಜೆ ನಡೆಯುವ ಜಾಗ. ಅವರು ಹೇಳಿದ ಕ್ರಮದಲ್ಲೇ ಹೋಗಬೇಕು, ಕೂಗಾಟ ಬೊಬ್ಬೆ ಬೇಡ.

ಒಳಗೆ ಹೋದ ಸ್ವಲ್ಪ ಹೊತ್ತಿಗೇ ಬೆಳಕು ಹಿಂದೆ ಉಳಿಯುತ್ತದೆ. ಮೊದಲು ತಲೆ ತಗ್ಗಿಸಬೇಕು, ಆಮೇಲೆ ಸೊಂಟ ಬಗ್ಗಿಸಬೇಕು, ಕೆಲವು ಕಡೆ ಮಂಡಿಯೂರಿ ಅಂಬೆಗಾಲಿಡಬೇಕು. ಅಂಗೈಯಡಿ ತಣ್ಣಗಿನ ಕೆಸರು. ಮೇಲಿನಿಂದ ಬೆನ್ನಿಗೆ ತಟ್ ಎಂದು ನೀರಿನ ಹನಿ ಬೀಳುತ್ತದೆ. ಹನಿಗಳು ನೆಲ್ಲಿಕಾಯಿ ಗಾತ್ರ ಇರುವುದರಿಂದಲೇ ಊರಿಗೆ ಈ ಹೆಸರು ಎನ್ನುತ್ತಾರೆ. ಕೊನೆಗೆ ಜಾಗ ಅಗಲವಾಗಿ, ಎದ್ದು ನಿಲ್ಲುವಷ್ಟು ಎತ್ತರ ಸಿಗುತ್ತದೆ. ಅಲ್ಲಿ ನೀರು ತುಂಬಿದ ಕೊಳ, ಶಿವಲಿಂಗ. ಜಾಬಾಲಿ ಋಷಿಗಳು ಇಲ್ಲಿ ತಪಸ್ಸು ಮಾಡಿದ್ದರು ಎಂಬ ಪ್ರತೀತಿ ಉಂಟು. ಇಲ್ಲಿನ ನೀರು, ಕೆಂಪು ಮಣ್ಣು ಎರಡನ್ನೂ ಭಕ್ತರು ಪ್ರಸಾದವೆಂದು ಕೊಂಡೊಯ್ಯುತ್ತಾರೆ.

ಎಲ್ಲರಿಗೂ ಇದು ಆಗುವುದಿಲ್ಲ. ದಮ್ಮು, ಹೃದಯದ ತೊಂದರೆ, ಮಂಡಿನೋವು ಇರುವವರು, ಇಕ್ಕಟ್ಟಿನಲ್ಲಿ ಉಸಿರು ಕಟ್ಟಿದಂತಾಗುವವರು ಹೊರಗೇ ಇರಲಿ. "ಬನ್ನಿ ದೊಡ್ಡಮ್ಮ, ಏನೂ ಆಗುವುದಿಲ್ಲ" ಎಂದು ಎಳೆಯಬೇಡಿ. ಮಧ್ಯದಲ್ಲಿ ತಿರುಗುವುದಕ್ಕೂ ಜಾಗ ಇಲ್ಲದ ಕಡೆ ಒಬ್ಬರಿಗೆ ಗಾಬರಿಯಾದರೆ ಹಿಂದಿರುವ ಎಲ್ಲರಿಗೂ ಕಷ್ಟ. ಮಕ್ಕಳಿದ್ದರೆ ಮುಂದೆ ಒಬ್ಬ ದೊಡ್ಡವರು, ಹಿಂದೆ ಒಬ್ಬರು ಇರಲಿ.

ಹೊರಗೆ ಬಂದು ಕೈಕಾಲು ತೊಳೆಯುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಇದು ಲಾವಾ ಗುಹೆಯಾ? ಅಲ್ಲ. ಲಾವಾ ಗುಹೆ ಆಗುವ ರೀತಿಯೇ ಬೇರೆ. ಕುದಿಯುವ ಲಾವಾ ಇಳಿಜಾರಿನಲ್ಲಿ ಹರಿಯುವಾಗ ಮೇಲ್ಭಾಗ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಹರಿಯುತ್ತಲೇ ಇರುತ್ತದೆ. ಬರುವ ಲಾವಾ ನಿಂತ ಮೇಲೆ ಒಳಗಿನದು ಖಾಲಿಯಾಗಿ ಕೊಳವೆ ಉಳಿಯುತ್ತದೆ. ಎಟ್ನಾದಲ್ಲಿ, ಹವಾಯಿಯಲ್ಲಿ ಇರುವುದು ಅಂಥ ಗುಹೆಗಳು.

ನೆಲ್ಲಿತೀರ್ಥದ್ದು ನಮ್ಮ ಕೆಂಪುಕಲ್ಲಿನ ಗುಹೆ. ಮನೆ ಕಟ್ಟಲು ತರುತ್ತೇವಲ್ಲ, ಅದೇ ಮುರಕಲ್ಲು. ಇಲ್ಲಿ ಬೆಂಕಿಗಿಂತ ಮಳೆಯ ಕೆಲಸ ದೊಡ್ಡದು. ಕರಾವಳಿಯ ಜಡಿಮಳೆಗೆ, ಸೆಖೆಗೆ ಹಳೆಯ ಬಂಡೆ ಲಕ್ಷಾಂತರ ವರ್ಷ ಕರಗಿ, ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಮೇಲೆ ಉಳಿಯಿತು. ಕಬ್ಬಿಣದಿಂದಲೇ ಈ ಕೆಂಪು. ಮೇಲಿನ ಪದರ ಗಟ್ಟಿ, ಅದರ ಕೆಳಗೆ ಮೆತ್ತಗಿನ ಜೇಡಿಮಣ್ಣು. ನೆಲದೊಳಗೆ ಇಳಿದ ಮಳೆನೀರು ಆ ಜೇಡಿಯನ್ನು ತೊಳೆದುಕೊಂಡು ಹೋದ ಕಡೆ ಹೀಗೆ ಗುಹೆಯಾಗುತ್ತದೆ. ಕೋರೆಯಲ್ಲಿ ಕೆಲಸ ಮಾಡುವವರಿಗೆ ಈ ಕಲ್ಲಿನ ಗುಣ ಚೆನ್ನಾಗಿ ಗೊತ್ತು. ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಬಿಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕನನ್ ಎಂಬ ಬ್ರಿಟಿಷ್ ಪ್ರವಾಸಿ ಕೇರಳದ ಅಂಗಾಡಿಪುರಂನಲ್ಲಿ ಇದನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಇವತ್ತಿಗೂ ಜಗತ್ತಿನ ಪುಸ್ತಕಗಳಲ್ಲಿ ಇರುವುದು ಅದೇ ಹೆಸರು. ಅಡಿಕೆ ತೋಟದವರು ಗುಡ್ಡಕ್ಕೆ ಅಡ್ಡ ಕೊರೆದು ನೀರು ತರುವ ಸುರಂಗಗಳೂ ಇದೇ ಕಲ್ಲಿನಲ್ಲಿವೆ. ಮಳೆ ಮಾಡಿದ್ದನ್ನೇ ನಮ್ಮ ಹಿರಿಯರು ಪಿಕ್ಕಾಸು ಹಿಡಿದು ಮಾಡಿದರು. ನನಗೆ ಅವರ ಮೇಲೆ ಬಹಳ ಗೌರವ.

ಒಂಬತ್ತೂವರೆಗೆ ಅಲ್ಲಿಂದ ಬಿಡಿ.

ಮಧ್ಯಾಹ್ನದ ಒಳಗೆ: ಬಾರ್ಕೂರು

ಕಟೀಲು, ಕಿನ್ನಿಗೋಳಿ, ಮೂಲ್ಕಿ ಮೇಲೆ ಹೆದ್ದಾರಿ ಹತ್ತಿ. ಪಡುಬಿದ್ರಿ, ಕಾಪು, ಉಡುಪಿ, ಕಲ್ಯಾಣಪುರ ದಾಟಿ ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಬೇಕು. ಎರಡು ಗಂಟೆ ಹಿಡಿಯಿರಿ.

ಉಡುಪಿಯಲ್ಲಿ ನಿಲ್ಲದೆ ನೇರ ಬಾರ್ಕೂರಿಗೆ ಯಾಕೆ? ನೆತ್ತಿಯ ಮೇಲೆ ಬಿಸಿಲಿರುವಾಗ ದ್ವೀಪದ ಬಂಡೆ ಕಾದು ಸುಡುತ್ತದೆ. ಬಾರ್ಕೂರಿನಲ್ಲಿ ಮರದ ನೆರಳು ಉಂಟು, ಬಸದಿಯ ಒಳಗೆ ತಂಪು. ಸಂಜೆಯ ಓರೆ ಬಿಸಿಲಿಗೆ ದ್ವೀಪದ ಕಲ್ಲಿನ ಗೆರೆಗಳು ಎದ್ದು ಕಾಣುತ್ತವೆ. ಹಾಗಾಗಿ ಕಡಲು ಕೊನೆಗೆ ಇರಲಿ.

ಸೀತಾನದಿಯ ಬದಿಯ ಬಾರ್ಕೂರು, ಹಳೆಯ ಹೆಸರಿನಲ್ಲಿ ಬಾರಕನೂರು, ತುಳುನಾಡನ್ನು ಆಳಿದ ಆಳುಪರ ರಾಜಧಾನಿ. ಆಮೇಲೆ ವಿಜಯನಗರದವರು ಕರಾವಳಿಯನ್ನು ಬಾರ್ಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ ಮಾಡಿ ಆಳಿದರು. 14ನೇ ಶತಮಾನದಲ್ಲಿ ಇಬ್ನ್ ಬತೂತ ಎಂಬ ಮೊರಾಕೊದ ಪ್ರವಾಸಿ ಈ ದಾರಿಯಾಗಿ ಹೋದ. ಅವನು ಫಾಕನೂರು ಎಂದು ಬರೆದದ್ದು ಈ ಊರನ್ನೇ. ಇಲ್ಲಿಯ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದವು, ದಾಟಿ ಹೋಗುವ ಹಡಗುಗಳು ಇಲ್ಲಿ ನಿಂತು ಕಾಣಿಕೆ ಕೊಟ್ಟೇ ಹೋಗಬೇಕಿತ್ತು ಎಂದು ಬರೆದಿದ್ದಾನೆ. ಇದನ್ನು ನೆಂಟರಿಗೆ ಹೇಳಿ, ಆಮೇಲೆ ಗಾಡಿಯಿಂದ ಇಳಿಸಿ. ಎದುರಿಗೆ ಕಾಣುವುದು ಶಾಂತವಾದ ಒಂದು ಹಳ್ಳಿಪೇಟೆ, ತೆಂಗಿನ ತೋಟ, ಗದ್ದೆ.

ಇಲ್ಲಿ ಪೊಂಪೇಯ ಹಾಗೆ ಒಂದೇ ಬೇಲಿಯೊಳಗೆ ಎಲ್ಲ ಸಿಗುವುದಿಲ್ಲ. ಊರು ಕೇರಿಗಳಲ್ಲಿ ಹಂಚಿದೆ. ಕೋಟೆಕೇರಿ, ಮಣಿಗಾರಕೇರಿ, ಮೂಡುಕೇರಿ, ಚೌಳಿಕೇರಿ. ವರ್ಷದ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಎಂದು ಊರವರು ಹೇಳುತ್ತಾರೆ. ಅಳಿಯಕಟ್ಟು ತಂದ ಭೂತಾಳಪಾಂಡ್ಯನ ಕಥೆ ನಡೆಯುವುದೂ ಇದೇ ಬಾರ್ಕೂರಿನಲ್ಲಿ. ತಾಯಿಯ ಕಡೆಯಿಂದ ಆಸ್ತಿ ಹೋಗುವ ಆ ಪದ್ಧತಿಯ ಬಗ್ಗೆ ಹೇಳಿದರೆ ಘಟ್ಟದ ಮೇಲಿನ ನೆಂಟರಿಗೆ ಆಶ್ಚರ್ಯ. ಪ್ರಶ್ನೆಗಳು ಮುಗಿಯುವುದೇ ಇಲ್ಲ.

ಸಮಯ ಕಡಿಮೆ ಇದ್ದರೆ ಎರಡೇ ಜಾಗ ನೋಡಿ. ಮೊದಲನೆಯದು ಮಣಿಗಾರಕೇರಿಯ ಕತ್ತಲೆ ಬಸದಿ. ಇಳಿಜಾರು ಕಲ್ಲಿನ ಮಾಡು, ಸಾಲು ಕಂಬ. ನಮ್ಮ ಮಳೆಗೆ ಹೇಳಿ ಮಾಡಿಸಿದ ಮಾಡು ಅದು. ಬಾಗಿಲಲ್ಲಿ ಒಂದು ನಿಮಿಷ ನಿಂತು ಕಣ್ಣು ಕತ್ತಲೆಗೆ ಒಗ್ಗಲಿ, ಆಮೇಲೆ ಒಳಗೆ ಹೋಗಿ. ಎರಡನೆಯದು ಕೋಟೆಕೇರಿ. ಕೋಟೆ ವಿಜಯನಗರದ ಒಂದನೇ ಹರಿಹರನ ಕಾಲದ್ದು ಎನ್ನುತ್ತಾರೆ. ಬುಡ, ಕಂದಕ ಉಳಿದಿವೆ, ಮೇಲಿನದು ಹೋಗಿದೆ. ಹತ್ತಿರವೇ ಪಂಚಲಿಂಗೇಶ್ವರ ದೇವಸ್ಥಾನ. ಕಲ್ಲುಗಳನ್ನು ಗಮನಿಸಲು ಹೇಳಿ. ಬೆಳಗ್ಗೆ ಗುಹೆಯಲ್ಲಿ ಮುಟ್ಟಿದ ಕೆಂಪುಕಲ್ಲೇ ಇಲ್ಲಿ ಗೋಡೆಯಾಗಿದೆ. ಮುರಕಲ್ಲಿನಲ್ಲಿ ಸಣ್ಣ ಕೆತ್ತನೆ ನಿಲ್ಲುವುದಿಲ್ಲ, ಅದರ ಮೈತುಂಬ ತೂತು. ಅದಕ್ಕೇ ಕಂಬಕ್ಕೆ, ಶಾಸನಕ್ಕೆ ಶಿಲೆಕಲ್ಲು ಬಳಸಿದರು.

ಶಾಸನದ ಕಲ್ಲನ್ನು ನೋಡಲು ಒಂದು ಉಪಾಯ ಉಂಟು. ಎದುರಿನಿಂದ ಟಾರ್ಚು ಬಿಟ್ಟರೆ ಏನೂ ಕಾಣುವುದಿಲ್ಲ. ಕಲ್ಲಿನ ಅಂಚಿಗೆ ಟಾರ್ಚು ಹಿಡಿದು ಬೆಳಕನ್ನು ಅಡ್ಡಡ್ಡ ಬಿಡಿ. ಬರೇ ಒರಟು ಕಲ್ಲು ಎಂದುಕೊಂಡಿದ್ದ ಕಡೆ ಸಾಲು ಸಾಲು ಅಕ್ಷರ ಎದ್ದು ಬರುತ್ತದೆ. ಹಳಗನ್ನಡ ಓದಲು ಬಾರದಿದ್ದರೂ ಮಕ್ಕಳು ಒಂದೆರಡು ಅಕ್ಷರ ಗುರುತಿಸುತ್ತಾರೆ, ಆ ಖುಷಿಯೇ ಬೇರೆ. ಇಂಥ ಕಲ್ಲುಗಳ ಮೇಲ್ಭಾಗದಲ್ಲಿ ಸೂರ್ಯ, ಚಂದ್ರರನ್ನು ಕೆತ್ತಿರುತ್ತಾರೆ. ಅವರು ಇರುವಷ್ಟು ಕಾಲ ಈ ದಾನ ನಡೆಯಲಿ ಎಂದು ಅರ್ಥ. ಓದಲು ಸುಲಭವಾಗಲಿ ಎಂದು ಸೀಮೆಸುಣ್ಣ, ಅರಿಶಿನ, ಎಣ್ಣೆ ಬಳಿಯಬೇಡಿ. ಕಲ್ಲು ಹಾಳಾಗುತ್ತದೆ.

ದಾರಿ ತಪ್ಪಿದರೆ ಅಂಗಡಿಯಲ್ಲಿ ಕೂತ ಹಿರಿಯರನ್ನು ಕೇಳಿ. ಬಾರ್ಕೂರಿನವರಿಗೆ ಊರಿನ ಬಗ್ಗೆ ಅಭಿಮಾನ ಜಾಸ್ತಿ. ಕೇಳಿದ್ದಕ್ಕೆ ದಾರಿಯನ್ನೂ ಹೇಳುತ್ತಾರೆ, ಕಥೆಯನ್ನೂ ಹೇಳುತ್ತಾರೆ. ಕಥೆ ಕೇಳಲು ಹತ್ತು ನಿಮಿಷ ಇಟ್ಟುಕೊಳ್ಳಿ. ದೈವಸ್ಥಾನ, ಮನೆಯಂಗಳ ಎದುರಾದರೆ ಕೇಳದೆ ಒಳಗೆ ಹೋಗಬೇಡಿ, ಫೋಟೊ ತೆಗೆಯಬೇಡಿ.

ಊಟ

ಒಂದೂವರೆಗೆ ಹೊರಟರೆ ಬ್ರಹ್ಮಾವರ ಅಥವಾ ಮಲ್ಪೆಯಲ್ಲಿ ಊಟ. ಮಲ್ಪೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ ಇದ್ದೇ ಇರುತ್ತದೆ. ಸಸ್ಯಾಹಾರಿಗಳಿಗೆ ಉಡುಪಿಯಲ್ಲಿ ಕೊರತೆ ಏನಿಲ್ಲ. ಬೋಟಿನಲ್ಲಿ ಹೊಟ್ಟೆ ತೊಳೆಸುವವರು ಮಜ್ಜಿಗೆ ಅನ್ನಕ್ಕೆ ನಿಲ್ಲಿಸಿದರೆ ಒಳ್ಳೆಯದು.

ಸಂಜೆ: ತೋನ್ಸೆಪಾರು, ಅಂದರೆ ಸೇಂಟ್ ಮೇರೀಸ್ ದ್ವೀಪ

ಮೂರು ಗಂಟೆಯ ಒಳಗೆ ಮಲ್ಪೆಯಲ್ಲಿರಿ. ಟಿಕೆಟ್ ತೆಗೆಯುವಾಗಲೇ ಒಂದು ಪ್ರಶ್ನೆ ಕೇಳಿ: ದ್ವೀಪದಿಂದ ಕೊನೆಯ ಬೋಟ್ ಎಷ್ಟು ಹೊತ್ತಿಗೆ? ಗಾಳಿ, ಅಲೆ, ಜನ ನೋಡಿ ಈ ಸಮಯ ಬದಲಾಗುತ್ತದೆ. ರಾತ್ರಿ ಅಲ್ಲಿ ಉಳಿಯಲು ಬಿಡುವುದಿಲ್ಲ. ಬಂದರಿನಿಂದ ದೊಡ್ಡ ಬೋಟ್, ಬೀಚಿನಿಂದ ಸಣ್ಣ ಬೋಟ್ ಹೊರಡುತ್ತವೆ. ಜನ ತುಂಬಿದ ಮೇಲೆಯೇ ಬೋಟ್ ಬಿಡುವುದು, ಸ್ವಲ್ಪ ಕಾಯಬೇಕಾಗಬಹುದು. ಲೈಫ್ ಜಾಕೆಟ್ ಹಾಕಿಕೊಳ್ಳಿ, ಫೋಟೊಕ್ಕಾಗಿ ತೆಗೆಯಬೇಡಿ. ಸುಮಾರು ಅರ್ಧ ಗಂಟೆಯ ದಾರಿ. ದಡದ ಹತ್ತಿರ ನೀರು ಕಡಿಮೆ ಇದ್ದರೆ ಮೊಣಕಾಲು ಒದ್ದೆ ಮಾಡಿಕೊಂಡು ಇಳಿಯಬೇಕಾದೀತು. ಪ್ಯಾಂಟು ಮಡಚಿಕೊಂಡೇ ಕೂತಿರಿ.

ಇಲ್ಲಿ ಇರುವುದು ಒಂದೇ ದ್ವೀಪ ಅಲ್ಲ. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ ಎಂದು ನಾಲ್ಕು ದೊಡ್ಡವು ಇವೆ. ನಾವು ಹೋಗುವುದು ತೆಂಗಿನ ದ್ವೀಪಕ್ಕೆ. ದರಿಯಾ ಬಹದ್ದೂರ್‌ಗಡದಲ್ಲಿ ಬಿದನೂರು ಅರಸರ ಕಾಲದ ಕೋಟೆ ಇತ್ತು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಎಂಬ ಮಾತು ಜನರ ಬಾಯಲ್ಲಿದೆ.

ಇಳಿದವರೆಲ್ಲ ಮರಳಿನ ಕಡೆ ಓಡುತ್ತಾರೆ. ನೀವು ನಿಮ್ಮವರನ್ನು ಕಲ್ಲಿನ ಕಡೆ ಕರೆದುಕೊಂಡು ಹೋಗಿ. ಬೆಟ್ಟ, ಬಾಯಿ, ಹೊಗೆ ಯಾವುದನ್ನೂ ಹುಡುಕಬೇಡಿ ಎಂದು ಮೊದಲೇ ಹೇಳಿಬಿಡಿ. ಜ್ವಾಲಾಮುಖಿಯ ಬೆಟ್ಟ ಇಲ್ಲಿ ಇಲ್ಲ, ಉಳಿದಿರುವುದು ಅದರ ಲಾವಾ ಮಾತ್ರ. ಅದಕ್ಕೆ ಸುಮಾರು 8.8 ಕೋಟಿ ವರ್ಷ. ಇವತ್ತು ಆಫ್ರಿಕಾದ ಬದಿಯಲ್ಲಿರುವ ಮಡಗಾಸ್ಕರ್ ದ್ವೀಪ ಆಗ ಭಾರತಕ್ಕೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿಗೆ ನೆಲ ಸೀಳಿ ಮೇಲೆ ಬಂದ ಲಾವಾ ಇದು. ಹೆಚ್ಚುಕಡಿಮೆ ಅದೇ ವಯಸ್ಸಿನ ಲಾವಾ ಮಡಗಾಸ್ಕರದಲ್ಲೂ ಸಿಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿ ನಿಂತು ಇದನ್ನು ಹೇಳಿ. ಈಗ ಕಡಲು ಇರುವ ಕಡೆ ಆಗ ನೆಲ ಇತ್ತು.

ಬಹಳ ಜನ ಇದನ್ನು ಮಹಾರಾಷ್ಟ್ರದ ಡೆಕ್ಕನ್ ಟ್ರ್ಯಾಪ್ ಎಂಬ ಲಾವಾ ಪ್ರಸ್ಥಭೂಮಿಯ ಬಸಾಲ್ಟ್ ಎಂಬ ಕಪ್ಪು ಕಲ್ಲು ಎಂದುಕೊಳ್ಳುತ್ತಾರೆ. ಅದು ಸುಮಾರು 6.6 ಕೋಟಿ ವರ್ಷದ್ದು, ವಯಸ್ಸಿನಲ್ಲಿ ಇದಕ್ಕಿಂತ ಎಷ್ಟೋ ಚಿಕ್ಕದು. ಕಲ್ಲೂ ಬೇರೆ. ಇಲ್ಲಿಯದು ಸಿಲಿಕಾ (ಮರಳಿನಲ್ಲಿರುವ ಅಂಶ) ಜಾಸ್ತಿ ಇರುವ ರಯೋಲೈಟ್, ಡೇಸೈಟ್ ಎಂಬ ಜಾತಿಯದು.

ಈಗ ಕಂಬಗಳ ಹತ್ತಿರ ಕೂರಿಸಿ. ಒಂದು ಕಂಬದ ತಲೆಯ ಅಂಚಿನ ಮೇಲೆ ಮಕ್ಕಳು ಬೆರಳು ಆಡಿಸಿ ಬದಿಗಳನ್ನು ಎಣಿಸಲಿ. ಐದು, ಆರು, ಕೆಲವಕ್ಕೆ ಏಳು. ಆರು ಬದಿಯವು ಬಹಳ. ಯಾರೂ ಕಡಿದದ್ದಲ್ಲ, ಜೋಡಿಸಿದ್ದಲ್ಲ. ಸುಗ್ಗಿ ಮುಗಿದ ಮೇಲೆ ಗದ್ದೆಯ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಇಲ್ಲಿ ಆದದ್ದೂ ಅಂಥದ್ದೇ. ಅಲ್ಲಿ ನೀರು ಹೋಗಿ ಮಣ್ಣು ಕುಗ್ಗುತ್ತದೆ, ಇಲ್ಲಿ ಬಿಸಿ ಹೋಗಿ ಲಾವಾ ಕುಗ್ಗಿತು. ಬಿರುಕು ಮೇಲಿನಿಂದ ಶುರುವಾಗಿ, ತಣಿಯುತ್ತ ಹೋದ ಹಾಗೆ ಒಳಗೆ ಇಳಿಯುತ್ತದೆ. ಮೂರು ಬಿರುಕು ಸಮನಾಗಿ ಸೇರುವ ಕಡೆ ಒಂದೊಂದು ಮೂಲೆ 120 ಡಿಗ್ರಿ. ಎಲ್ಲ ಮೂಲೆಯೂ ಹಾಗೇ ಆದರೆ ಆರು ಬದಿಯ ಕಂಬ. ಶಾಲೆಗೆ ಹೋಗುವ ಮಕ್ಕಳಿದ್ದರೆ ಕೋನಮಾಪಕ ತರಲು ಹೇಳಿ, ಅಲ್ಲೇ ಅಳೆದು ನೋಡಲಿ. ತಣಿಯುವ ಮೈಗೆ ನೇರವಾಗಿ ಕಂಬ ಬೆಳೆಯುವುದರಿಂದ, ಕಂಬ ಓರೆಯಾಗಿರುವ ಕಡೆ ತಣಿದ ಮೈಯೂ ಓರೆ ಇತ್ತು ಎಂದು ಊಹಿಸಬಹುದು. ಕೆಲವು ಕಂಬಗಳು ಆರು ಮೀಟರ್‌ವರೆಗೂ ಎತ್ತರ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಒಂದು ಚೂರು ಕಲ್ಲನ್ನೂ ಕಿಸೆಗೆ ಹಾಕಬೇಡಿ. ಹೆಸರು ಕೆತ್ತುವವರನ್ನು ಕಂಡರೆ ಸುಮ್ನೆ ಇರಬೇಡಿ, ಒಳ್ಳೆಯ ಮಾತಿನಲ್ಲಿ ತಡೆಯಿರಿ. 8.8 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ಮೊಳೆಯಲ್ಲಿ ಗೀಚಿದ್ದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಚ್ಚರಿಕೆಯ ಮಾತನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ದ್ವೀಪದಲ್ಲಿ ಜೀವಗಳು ಹೋಗಿವೆ. ಕಂಬಗಳ ಕೊನೆಯಲ್ಲಿ ನೀರು ಒಮ್ಮೆಲೇ ಆಳ. ಹತ್ತು ಸಣ್ಣ ಅಲೆ ಬಂದ ಮೇಲೆ ಒಂದು ದೊಡ್ಡದು ಬಂದು ಕಾಲು ಎಳೆಯುತ್ತದೆ. ಕಲ್ಲು ಕಪ್ಪಗೆ ಒಣಗಿದ್ದರೆ ಕಾಲಿಡಬಹುದು. ಹಸಿರು ಮಿರುಗಿದರೆ ಅಲ್ಲಿಗೆ ನಿಲ್ಲಿ. ಕಾವಲಿನವರು "ಪಾಚಿ ಉಂಟು ಮಾರಾಯ್ರೆ, ಅಲ್ಲಿಗೆ ಹೋಗ್ಬೇಡಿ" ಎಂದು ಸೀಟಿ ಊದಿದರೆ ವಾದ ಬೇಡ, ಹಿಂದೆ ಬನ್ನಿ. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವುದು ಬೇಡವೇ ಬೇಡ. ನೀರಿನಲ್ಲಿ ಆಡುವ ಆಸೆ ಇದ್ದರೆ ಗುರುತು ಹಾಕಿ ಬಿಟ್ಟ ಜಾಗದಲ್ಲಿ ಮಾತ್ರ. ಕಲ್ಲಿಗೆ ಅಂಟಿದ ಸಣ್ಣ ಚಿಪ್ಪುಗಳು ಬ್ಲೇಡು ಇದ್ದ ಹಾಗೆ ಕೊಯ್ಯುತ್ತವೆ, ಬರಿಗಾಲು ಇಡಬೇಡಿ.

ಕೊನೆಯ ಬೋಟಿಗೆ ಕಾಯದೆ ಅದಕ್ಕಿಂತ ಒಂದು ಮೊದಲಿನದನ್ನು ಹಿಡಿಯಿರಿ. ಕೊನೆಯದಕ್ಕೆ ನೂಕುನುಗ್ಗಲು, ಮಕ್ಕಳು ಹಿರಿಯರು ಇದ್ದರೆ ಹತ್ತಿಸುವುದೇ ಕಷ್ಟ.

ಕ್ರಮ ಬದಲಿಸಬೇಕಾದರೆ

ಇಳಿತ ಬೆಳಗ್ಗೆ ಇದ್ದರೆ, ಅಥವಾ ಜೊತೆಗೆ ಸಣ್ಣ ಮಕ್ಕಳು, ವಯಸ್ಸಾದವರು ಇದ್ದರೆ ಗುಹೆಯನ್ನು ಬಿಟ್ಟುಬಿಡಿ. ಬೆಳಗಿನ ಮೊದಲ ಬೋಟಿಗೆ ದ್ವೀಪ, ಊಟ ಮುಗಿಸಿ ಬಾರ್ಕೂರು. ಬೆಳಗ್ಗೆ ಕಡಲು ಶಾಂತವಾಗಿರುವುದರಿಂದ ಬೋಟಿನ ಭಯ ಇರುವವರಿಗೂ ಇದೇ ಒಳ್ಳೆಯದು. ನೆಲ್ಲಿತೀರ್ಥಕ್ಕೆ ಇನ್ನೊಂದು ದಿನ ಕಟೀಲಿನ ಜೊತೆ ಸೇರಿಸಿ ಹೋಗಬಹುದು.

ಸ್ವಂತ ಗಾಡಿ ಇಲ್ಲದವರೂ ಹೀಗೇ ಮಾಡಿ. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸು ಬೇಕಾದಷ್ಟು ಇವೆ. ಬ್ರಹ್ಮಾವರದವರೆಗೆ ಕುಂದಾಪುರದ ಬಸ್ಸು, ಅಲ್ಲಿಂದ ಬಾರ್ಕೂರಿಗೆ ಸ್ಥಳೀಯ ಬಸ್ಸು ಅಥವಾ ರಿಕ್ಷಾ. ಕೇರಿಗಳು ದೂರ ದೂರ ಇರುವುದರಿಂದ ರಿಕ್ಷಾದವರನ್ನು ಎರಡು ಗಂಟೆಗೆ ಮಾತಾಡಿಕೊಳ್ಳಿ. ಹತ್ತುವ ಮೊದಲು ನೋಡಬೇಕಾದ ಜಾಗಗಳ ಹೆಸರು ಹೇಳಿ, ಕಾಯುವ ಹೊತ್ತೂ ಸೇರಿ ಒಟ್ಟು ಎಷ್ಟೆಂದು ಗೊತ್ತು ಮಾಡಿಕೊಳ್ಳಿ.